ಬೇಸಿಗೆ ರಜೆಯಲ್ಲಿ ಮಕ್ಕಳ ಮೊಬೈಲ್ ಗೀಳು ಬಿಡಿಸುವುದು ಹೇಗೆ?

ರಾಯಚೂರಿನಲ್ಲಿ ಏಪ್ರಿಲ್, ಮೇ ಅಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹನ್ನೊಂದರ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಶಾಲೆಯೂ ಇಲ್ಲ. ಕೂಲರ್ ಮುಂದೆ ಕೂರಿಸಿ ಮೊಬೈಲ್ ಕೊಟ್ಟರೆ ಮಧ್ಯಾಹ್ನವೇನೋ ಕಳೆಯುತ್ತದೆ, ಆದರೆ ಸಂಜೆ ವಾಪಸ್ ಕೇಳಿದಾಗ ಮಗು ರಂಪ ಮಾಡುತ್ತದೆ, ಅಪ್ಪ ಬೈಯುತ್ತಾರೆ, ಅಜ್ಜಿ ಅಡ್ಡ ಬರುತ್ತಾರೆ, ಕೊನೆಗೆ ಜಗಳ ದೊಡ್ಡವರ ನಡುವೆಯೇ ನಡೆಯುತ್ತದೆ.

ಮೊದಲು ಊಟದ ಹೊತ್ತು ಸರಿ ಮಾಡಿ. ಎಲ್ಲರ ಫೋನೂ ಬೇರೆ ಕೋಣೆಯಲ್ಲಿರಲಿ, ದೊಡ್ಡವರದ್ದೂ ಸೇರಿ. ವಿಡಿಯೊ ತೋರಿಸುತ್ತಾ ತುತ್ತು ಇಟ್ಟರೆ ಮಗು ಬಾಯಿ ತೆರೆಯುತ್ತದೆ ನಿಜ, ಹೊಟ್ಟೆ ತುಂಬಿದ್ದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ರೊಟ್ಟಿ ಮುರಿದು ತಟ್ಟೆಗೆ ಹಾಕಿ, ಪಕ್ಕದಲ್ಲಿ ಮೊಸರು, ಶೇಂಗಾ ಚಟ್ನಿ. ತಾನೇ ಅದ್ದಿಕೊಂಡು ತಿನ್ನಲಿ. ಚೆಲ್ಲಿದರೆ ಚೆಲ್ಲಲಿ ಬಿಡಿ.

ಆಮೇಲೆ ಹೊತ್ತು ಗೊತ್ತು ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: 2 ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು. ಇನ್ನೂ ದೊಡ್ಡವರಾದರೆ ಅವರನ್ನೇ ಕೂರಿಸಿಕೊಂಡು ಮಾತಾಡಿ, ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ ಅಂತ ಒಪ್ಪಿಸಿ. ಒಪ್ಪಿದ ಮೇಲೆ ಅಜ್ಜಿಗೂ ಹೇಳಿಬಿಡಿ. ಒಬ್ಬರು ಬೇಡ ಅಂದಿದ್ದನ್ನು ಇನ್ನೊಬ್ಬರು ಕೊಟ್ಟರೆ ಯಾವ ನಿಯಮವೂ ನಿಲ್ಲುವುದಿಲ್ಲ.

ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗೇ ಶುರುವಾದರೆ ಮಗು ನಿಲ್ಲಿಸುವುದಾದರೂ ಎಲ್ಲಿ? ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ, ಅಲ್ಲಿ ಆ್ಯಪ್‌ಗೆ ಟೈಮರ್ ಇಡಬಹುದು. ಆದರೆ ಫೋನ್ ನಿಮ್ಮದೇ ಆಗಿದ್ದರೆ ನೀವು ನೋಡಿದ್ದೂ ಅದೇ ಲೆಕ್ಕಕ್ಕೆ ಸೇರುತ್ತದೆ, ನೆನಪಿರಲಿ. ಸಮಯ ಮುಗಿಯುವ ಐದು ನಿಮಿಷ ಮುಂಚೆ ಹೇಳಿ. ಸುಮ್ನೆ ಕಸಿದುಕೊಳ್ಳಬೇಡಿ.

ಇನ್ನು ಮುಖ್ಯವಾದ ಕೆಲಸ. ಫೋನ್ ತೆಗೆದ ಮೇಲೆ ಆ ಉದ್ದನೆಯ ಮಧ್ಯಾಹ್ನ ಏನು ಮಾಡಬೇಕು ಅಂತ ಮಗುವಿಗೆ ಗೊತ್ತಿರುವುದಿಲ್ಲ, ಅಲ್ವಾ? ಹುಣಸೆ ಬೀಜದ ಒಂದು ಮಗ್ಗಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯಿರಿ. ಬೀಜ ತಿಕ್ಕುವ ಕೆಲಸವನ್ನು ಮಕ್ಕಳಿಗೇ ಕೊಡಿ, ಅದರಲ್ಲೇ ಅರ್ಧ ತಾಸು ಹೋಗುತ್ತದೆ. ಮೊದಮೊದಲು ನೀವೂ ಜೊತೆಗೆ ಕೂತು ಆಡಲೇಬೇಕು. ಬಿಸಿಲಿಳಿದ ಮೇಲೆ ಓಣಿಯಲ್ಲಿ ಲಗೋರಿ ಆಡಲಿ.

ಮಲಗುವ ಒಂದು ತಾಸು ಮುಂಚೆ ಫೋನ್ ಬೇಡ, ಚಾರ್ಜರ್ ಅಡುಗೆಮನೆಯಲ್ಲಿರಲಿ. ಇಷ್ಟಾದರೂ ಮಗು ನಿದ್ದೆ, ಊಟ, ಓದು ಎಲ್ಲ ಬಿಟ್ಟು ಮೊಬೈಲೇ ಬೇಕು ಅಂತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.