ದಿನದ ಹಲಗೆ ಬರೆಯುವ ಬಗೆ

ಸಿಂಧನೂರು ತಾಲ್ಲೂಕಿನ ನಮ್ಮೂರ ಪಂಚಾಯಿತಿ ಗ್ರಂಥಾಲಯದ ಬಾಗಿಲ ಬದಿಗೆ ಒಂದು ಕರಿಹಲಗೆ ತೂಗುಹಾಕಿದ್ದೇನೆ. ಮೂರಡಿ ಉದ್ದ, ಎರಡಡಿ ಅಗಲ. ದಿನಾ ಬೆಳಿಗ್ಗೆ ಅದರ ನೆತ್ತಿಗೆ ‘ಈ ದಿನ’ ಎಂದು ಬರೆದು ಕೆಳಗೆ ನಾಲ್ಕು ಸಾಲು ಬರೆಯುತ್ತೇನೆ. ಹಿಂದಿನ ವರ್ಷಗಳಲ್ಲಿ ಇದೇ ತಾರೀಖಿಗೆ ಏನಾಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು. ಒಂಬತ್ತು ವರ್ಷವಾಯಿತು. ಈಗ ಸುತ್ತಲಿನ ಊರುಗಳ ಗ್ರಂಥಾಲಯದವರು, ಶಾಲೆಯ ಪ್ರಾರ್ಥನೆಯಲ್ಲಿ ದಿನದ ವಿಶೇಷ ಓದಿಸುವ ಮೇಷ್ಟ್ರುಗಳು ‘ದಿನಾ ಎಲ್ಲಿಂದ ಹುಡುಕಿ ತರ್ತೀರಿ ಅಕ್ಕಾರ?’ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು: ಬೆಳಿಗ್ಗೆ ವಾಟ್ಸಾಪಿಗೆ ಬಂದದ್ದನ್ನು ಹಾಗೇ ಹಲಗೆಗೆ ಇಳಿಸಬೇಡಿ. ಮೊದಲ ವರ್ಷ ನಾನು ಅದನ್ನೇ ಮಾಡುತ್ತಿದ್ದೆ. ಒಂದು ಅಕ್ಟೋಬರ್ 26ರಂದು ‘ವರಕವಿ ಬೇಂದ್ರೆಯವರ ಜನ್ಮದಿನ’ ಎಂದು ದೊಡ್ಡಕ್ಷರದಲ್ಲಿ ಬರೆದು ಸುತ್ತ ಬಣ್ಣದ ಚಾಕಿನಲ್ಲಿ ಹೂಬಳ್ಳಿ ಬಿಡಿಸಿದ್ದೆ. ದಿನಾ ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರು ಚಪ್ಪಲಿ ಬಿಡುತ್ತಾ ಅದನ್ನು ನೋಡಿದರು. ಒಳಗೆ ಬಂದು, ಬೇರೆಯವರಿಗೆ ಕೇಳಿಸದ ಹಾಗೆ, ‘ತಂಗೀ, ಅದು ಅವರು ಹೋದ ದಿನ ಐತಿ. 1981. ಹುಟ್ಟಿದ್ದು 1896ರ ಜನವರಿ 31’ ಎಂದರು. ಅಷ್ಟೊತ್ತಿಗೆ ಶಾಲೆಗೆ ಹೋಗುವ ಹುಡುಗರು ಅದನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಹೋಗಿಯಾಗಿತ್ತು. ಹಲಗೆಯನ್ನೇನೋ ಒರೆಸಿದೆ, ಅವರ ನೋಟ್‌ಬುಕ್ಕು ಒರೆಸಲು ಆಗಲಿಲ್ಲ. ಮರುದಿನ ಶಾಲೆಗೆ ಹೋಗಿ ಪ್ರಾರ್ಥನೆಯ ಹೊತ್ತಿಗೆ ನಿಂತು, ತಪ್ಪಾಯಿತೆಂದು ಹೇಳಿ ತಿದ್ದಿ ಬಂದೆ.

ಇಂಥ ಸಂದೇಶಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ತಿರುಗುವುದು ಫೆಬ್ರುವರಿ 14ರದು: ಅವತ್ತು ಭಗತ್ ಸಿಂಗರನ್ನು ಗಲ್ಲಿಗೇರಿಸಿದರು ಎಂದು. ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಯಾರಾದರೂ ಹುಡುಗ ಬಂದು ‘ಇದನ್ನ ಬರೀರಿ ಅಕ್ಕಾ’ ಅನ್ನುತ್ತಾನೆ. ಭಗತ್ ಸಿಂಗ್, ರಾಜಗುರು, ಸುಖದೇವರನ್ನು ಲಾಹೋರಿನಲ್ಲಿ ಗಲ್ಲಿಗೇರಿಸಿದ್ದು 1931ರ ಮಾರ್ಚ್ 23ರ ಸಂಜೆ. ಹುಡುಗನ ಎದುರೇ ಪಠ್ಯಪುಸ್ತಕ ತೆಗೆದು ತೋರಿಸುತ್ತೇನೆ. ಸುಮ್ಮನೆ ‘ಸುಳ್ಳು’ ಎಂದರೆ ಅವನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಪುಸ್ತಕ ಕಟ್ಟುವುದು

ಅಂಗಡಿಯವರು ಲೆಕ್ಕ ಬರೆಯುವ ದಪ್ಪ ಜಮಾಖರ್ಚಿನ ಪುಸ್ತಕ ಒಂದು ತನ್ನಿ. ಒಂದು ತಾರೀಖಿಗೆ ಒಂದು ಪುಟ, ಒಟ್ಟು 366. ಫೆಬ್ರುವರಿ 29ನ್ನು ಬಿಡಬೇಡಿ, ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಆ ದಿನವೇ. ಪುಟದ ತಲೆಗೆ ತಾರೀಖು ಮತ್ತು ತಿಂಗಳು ಮಾತ್ರ ಇರಲಿ, ವರ್ಷ ಬೇಡ. ವರ್ಷ ಪ್ರತಿ ಸಾಲಿನ ಮೊದಲಿಗೆ ಬರುತ್ತದೆ. ಪುಟದಲ್ಲಿ ನಾಲ್ಕು ಭಾಗ ಮಾಡಿ: ನಮ್ಮ ಸೀಮೆ, ಕರ್ನಾಟಕ, ದೇಶ, ಜಗತ್ತು. ‘ನಮ್ಮ ಸೀಮೆ’ ಮೇಲೇ ಇರಬೇಕು, ಕೆಳಗೆ ಹಾಕಿದರೆ ಅದು ತುಂಬುವುದೇ ಇಲ್ಲ.

ಸಿಕ್ಕಿದ್ದನ್ನೆಲ್ಲ ಮೊದಲು ಪೆನ್ಸಿಲ್ಲಿನಲ್ಲಿ ಬರೆಯಿರಿ. ಇನ್ನೊಂದು ಕಡೆ ಅದೇ ತಾರೀಖು ಸಿಕ್ಕ ಮೇಲೆ ಪೆನ್ನು ಹಚ್ಚಿ. ಇನ್ನೊಂದು ಕಡೆ ಎಂದರೆ ಮುದ್ರಿತ ಪುಸ್ತಕ: ಜಿಲ್ಲಾ ಗೆಜೆಟಿಯರ್, ಕನ್ನಡ ವಿಶ್ವಕೋಶ, ಆ ಲೇಖಕರ ಪುಸ್ತಕದಲ್ಲಿರುವ ಪರಿಚಯದ ಪುಟ. ಎರಡು ಜಾಲತಾಣಗಳಲ್ಲಿ ಒಂದೇ ಇದ್ದರೆ ಒಂದರಿಂದ ಇನ್ನೊಂದು ಎತ್ತಿಕೊಂಡಿರುತ್ತದೆ. ಅದು ಎರಡು ಸಾಕ್ಷಿಯಲ್ಲ, ಒಂದೇ ಸಾಕ್ಷಿ. ನನ್ನ ಪುಸ್ತಕದಲ್ಲಿ ಈಗಲೂ ಮೂರರಲ್ಲೊಂದು ಸಾಲು ಪೆನ್ಸಿಲ್ಲಿನಲ್ಲೇ ಇದೆ. ಪೆನ್ಸಿಲ್ ಸಾಲು ಹಲಗೆಗೆ ಹೋಗುವುದಿಲ್ಲ.

ಹಳೇ ಪತ್ರಿಕೆಯಿಂದ ತಾರೀಖು ತೆಗೆಯುವಾಗ ಒಂದು ಎಚ್ಚರ: ಪತ್ರಿಕೆಯ ತಾರೀಖು ಬೇರೆ, ಘಟನೆಯದು ಬೇರೆ. ಸುದ್ದಿ ಅಚ್ಚಾಗುವುದು ಮರುದಿನ. ದೂರದ ದೇಶದ್ದಾದರೆ ಗಡಿಯಾರದ ವ್ಯತ್ಯಾಸವೂ ಸೇರುತ್ತದೆ. ಅಪೋಲೋ 11 ಚಂದ್ರನ ಮೇಲೆ ಇಳಿದದ್ದು ಅಮೆರಿಕದವರಿಗೆ 1969ರ ಜುಲೈ 20. ನಮ್ಮ ಗಡಿಯಾರದಲ್ಲಿ ಆಗ ಜುಲೈ 21ರ ನಸುಕಿನ 1 ಗಂಟೆ 47 ನಿಮಿಷ. ನಾನು 20ಕ್ಕೇ ಬರೆದು, ‘ಆಗ ನಮ್ಮಲ್ಲಿ ನಡುರಾತ್ರಿ ಕಳೆದಿತ್ತು’ ಎಂದು ಸೇರಿಸುತ್ತೇನೆ. ಮಕ್ಕಳಿಗೆ ಆ ಒಂದು ಸಾಲಿನಿಂದ ಭೂಮಿ ದುಂಡಗಿರುವುದು ತಿಳಿಯುತ್ತದೆ.

ಒಂದು ಪುಟ ಹತ್ತಿರದಿಂದ

ಮೇ 19ರ ಪುಟ ತೋರಿಸುತ್ತೇನೆ. ಬೇಸಿಗೆ ರಜೆ, ಶಾಲೆ ಇರುವುದಿಲ್ಲ, ಬಿಸಿಲಿಗೆ ಹೊರಗೆ ಆಡಲಾಗದ ಮಕ್ಕಳೆಲ್ಲ ಫ್ಯಾನಿನ ಕೆಳಗೆ ನಮ್ಮಲ್ಲೇ ಇರುತ್ತಾರೆ. ಹಾಗಾಗಿ ಈ ಪುಟದ ಮೇಲೆ ನಾನು ಬಹಳ ದಿನ ಕೂತಿದ್ದೇನೆ.

ಮೇಲಿನ ಸಾಲು ರಾಯಚೂರು ಯುದ್ಧ. 1520ರ ಮೇ 19. ಕೃಷ್ಣದೇವರಾಯ, ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ, ನಡುವೆ ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ದೋಆಬ್ ನೆಲ. ಈ ತಾರೀಖು ಬಂದದ್ದು ಹೇಗೆ ಎನ್ನುವುದೇ ಒಂದು ಪಾಠ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ತನ್ನ ಬರಹದಲ್ಲಿ ಕೊಟ್ಟದ್ದು 1522ರ ಮೇ ತಿಂಗಳು, ಅಮಾವಾಸ್ಯೆ, ಶನಿವಾರ. ಹಿಂದೆ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ಇತಿಹಾಸಕಾರ ರಾಬರ್ಟ್ ಸಿವೆಲ್ ಲೆಕ್ಕ ಹಾಕಿ ನೋಡಿದರೆ ಆ ವರ್ಷದ ಮೇ ಅಮಾವಾಸ್ಯೆ ಭಾನುವಾರ ಬೀಳುತ್ತದೆ. ಬೇರೆ ಸಾಕ್ಷಿಗಳನ್ನೂ ಕೂಡಿಸಿ ನೋಡಿ ಅವರು 1520ಕ್ಕೆ ಬಂದರು. ಆ ವರ್ಷದ ಮೇ 19 ಶನಿವಾರ, ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಾಣಿಸಿಕೊಳ್ಳುವ ಹೊತ್ತು. ವಾರ, ತಿಥಿ, ತಾರೀಖು ಮೂರನ್ನೂ ಎದುರುಬದುರು ಕೂರಿಸಿ ಕೇಳುವುದು ಎಂದರೆ ಇದು. ನೀವೂ ಮಾಡಬಹುದು: ಯಾರಾದರೂ ‘ಅವತ್ತು ಸೋಮವಾರ’ ಎಂದಿದ್ದರೆ ಮೊಬೈಲಿನ ಕ್ಯಾಲೆಂಡರ್ ಹಿಂದಕ್ಕೆ ಸರಿಸಿ ನೋಡಿ.

ಆದರೆ 1582ಕ್ಕಿಂತ ಹಿಂದಿನದಕ್ಕೆ ಮೊಬೈಲ್ ನಂಬಬೇಡಿ. ಆ ವರ್ಷದ ಅಕ್ಟೋಬರ್ 4ರ ಮರುದಿನವನ್ನು ರೋಮಿನಲ್ಲಿ ಅಕ್ಟೋಬರ್ 15 ಎಂದು ಕರೆದು ಪಂಚಾಂಗ ತಿದ್ದಿದರು. ಬ್ರಿಟನ್ ತಿದ್ದಿಕೊಂಡದ್ದು 1752ರಲ್ಲಿ. ಇತಿಹಾಸದ ಪುಸ್ತಕಗಳು ಹಳೆಯ ಲೆಕ್ಕದ ಮೇ 19ನ್ನೇ ಉಳಿಸಿಕೊಂಡಿವೆ, ಈಗಿನ ಲೆಕ್ಕಕ್ಕೆ ಅದು ಮೇ 29 ಆಗುತ್ತದೆ. ಹಲಗೆಯಲ್ಲಿ ಪುಸ್ತಕದ ತಾರೀಖೇ ಇರಲಿ. ಇನ್ನೊಂದು: ಅವತ್ತು ಗೆದ್ದದ್ದು ಬಯಲಿನ ಯುದ್ಧ. ಪೋರ್ಚುಗೀಸ್ ಬಂದೂಕಿನವರ ನೆರವಿನಿಂದ ಕೋಟೆ ಕೈಗೆ ಬಂದದ್ದು ಆ ಮೇಲೆ. ‘ರಾಯಚೂರು ಕೋಟೆ ಗೆದ್ದ ದಿನ’ ಎಂದು ಬರೆದರೆ ತಪ್ಪಾಗುತ್ತದೆ.

ಎರಡನೇ ಸಾಲು ಗಿರೀಶ ಕಾರ್ನಾಡ. 1938ರ ಮೇ 19, ಮಹಾರಾಷ್ಟ್ರದ ಮಾಥೇರಾನ್. ರಾಯಚೂರು ಗೆದ್ದ 45 ವರ್ಷಕ್ಕೆ, 1565ರಲ್ಲಿ, ವಿಜಯನಗರ ಸೋತ ಯುದ್ಧದ ಮೇಲೆ ಅವರು ಕೊನೆಗಾಲದಲ್ಲಿ ನಾಟಕ ಬರೆದರು. ಈ ಎರಡು ಸಾಲು ಒಂದರ ಕೆಳಗೊಂದು ಕೂತಾಗ ನನಗಾಗುವ ಸಂತೋಷ ಹೇಳತೀರದು. ಬೇಕೆಂದರೂ ಹೀಗೆ ಜೋಡಿಸಲು ಬರುವುದಿಲ್ಲ, ತಾರೀಖೇ ಜೋಡಿಸಿಕೊಟ್ಟಿದೆ.

ಮೂರನೆಯದು ಜಮ್ಷೆಟ್‌ಜಿ ಟಾಟಾ ತೀರಿಕೊಂಡದ್ದು, 1904. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕನಸು ಕಂಡವರು, ಅದು ಶುರುವಾದದ್ದು 1909ರಲ್ಲಿ, ಅವರು ನೋಡಲಿಲ್ಲ. ನಾಲ್ಕನೆಯದು ಟರ್ಕಿಯ ಕೆಮಾಲ್ ಅತಾತುರ್ಕ್. ಅವರು ಹುಟ್ಟಿದ ದಿನ ಸರಿಯಾಗಿ ತಿಳಿಯದು. 1919ರ ಮೇ 19ರಂದು ಸಾಮ್ಸುನ್ ಬಂದರಿನಲ್ಲಿ ಇಳಿದು ಹೋರಾಟ ಶುರುಮಾಡಿದ್ದರಿಂದ ಆ ದಿನವನ್ನೇ ತಮ್ಮ ಹುಟ್ಟುಹಬ್ಬ ಎಂದು ಆರಿಸಿಕೊಂಡರು.

ಈ ಸಾಲು ಬರೆದ ದಿನ ಒಬ್ಬ ಹುಡುಗಿ, ‘ಅಕ್ಕಾ, ನಮ್ಮ ಮನ್ಯಾಗ ಅಪ್ಪಗ, ಚಿಗವ್ವಗ, ಅಜ್ಜಗ ಎಲ್ಲಾರ್ಗೂ ಜೂನ್ ಒಂದೇ ಐತಿ. ಅವರೂ ಆರಿಸಿಕೊಂಡಾರೇನು?’ ಎಂದು ಕೇಳಿದಳು. ನನ್ನ ಅಂಕಪಟ್ಟಿಯಲ್ಲೂ ಜೂನ್ 1 ಇದೆ. ಶಾಲೆಗೆ ಸೇರಿಸುವಾಗ ಮನೆಯವರಿಗೆ ತಾರೀಖು ತಿಳಿಯದು, ಮೇಷ್ಟ್ರು ಆರು ತುಂಬುವ ಹಾಗೆ ಲೆಕ್ಕ ಹಿಡಿದು ಒಂದು ತಾರೀಖು ಬರೆದರು. ನಮ್ಮವ್ವನಿಗೆ ಗೊತ್ತಿದ್ದದ್ದು ನಾನು ಕಾರಹುಣ್ಣಿಮೆಯ ಎದುರಿಗೆ, ಎತ್ತಿಗೆ ಬಣ್ಣ ತರಲು ಅಪ್ಪ ಸಂತೆಗೆ ಹೋದಾಗ ಹುಟ್ಟಿದೆ ಎಂದಷ್ಟೆ. ಹಳೇ ತಲೆಮಾರಿನ ಕಲಾವಿದರ, ಹೋರಾಟಗಾರರ ಜನ್ಮದಿನ ಜೂನ್ 1 ಎಂದು ಕಂಡರೆ ಪೆನ್ಸಿಲ್ಲಿನಲ್ಲೇ ಬಿಡಿ.

ದಾಖಲೆ ಇದ್ದವರಿಗೂ ಈ ತೊಡಕು ತಪ್ಪಿಲ್ಲ. ನಮ್ಮ ಗ್ರಂಥಾಲಯ ವೃತ್ತಿಗೆ ದಾರಿ ಹಾಕಿದ ಎಸ್. ಆರ್. ರಂಗನಾಥನ್ ಹೆಸರಿನಲ್ಲಿ ಗ್ರಂಥಪಾಲಕರ ದಿನ ಮಾಡುವುದು ಆಗಸ್ಟ್ 12ಕ್ಕೆ. ಹುಟ್ಟಿದ್ದು 1892ರ ಆಗಸ್ಟ್ 9 ಎನ್ನುವ ಪುಸ್ತಕಗಳೂ ಇವೆ. ನಾನು 12ಕ್ಕೆ ‘ಗ್ರಂಥಪಾಲಕರ ದಿನ’ ಎಂದು ಬರೆಯುತ್ತೇನೆ, ‘ಹುಟ್ಟಿದ ದಿನ’ ಎಂದು ಬರೆಯುವುದಿಲ್ಲ. ಆಚರಣೆಯ ದಿನವನ್ನು ಆಚರಣೆ ಎಂದೇ ಕರೆದರೆ ಯಾರಿಗೂ ಮೋಸವಿಲ್ಲ.

ತಿಥಿಗೆ ಬೇರೆ ಪುಟ

ಬಸವ ಜಯಂತಿಯನ್ನು ಯಾವ ತಾರೀಖಿನ ಪುಟದಲ್ಲೂ ಬರೆಯಬೇಡಿ. ಅದು ಅಕ್ಷಯ ತೃತೀಯ. 2024ರಲ್ಲಿ ಮೇ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 30ಕ್ಕೆ. ಪುರಂದರದಾಸರ ಆರಾಧನೆ ಪುಷ್ಯ ಅಮಾವಾಸ್ಯೆ. ನಮ್ಮ ಜಿಲ್ಲೆಯವರೇ ಆದ ಚೀಕಲಪರವಿಯ ವಿಜಯದಾಸರದು ಕಾರ್ತಿಕ ಶುದ್ಧ ದಶಮಿ, ಮಾನ್ವಿಯ ಜಗನ್ನಾಥದಾಸರದು ಭಾದ್ರಪದ ಶುದ್ಧ ನವಮಿ. ಮೊಹರಂ, ಉರುಸುಗಳು ಚಾಂದ್ರಮಾನದ ಇಸ್ಲಾಮಿ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಇವಕ್ಕೆಲ್ಲ ಪುಸ್ತಕದ ಕೊನೆಯಲ್ಲಿ ಇಪ್ಪತ್ತು ಪುಟ ಬಿಟ್ಟಿದ್ದೇನೆ. ಹೊಸ ಕ್ಯಾಲೆಂಡರ್ ಬಂದ ಕೂಡಲೇ ಒಂದು ಮಧ್ಯಾಹ್ನ ಕೂತು ಆ ವರ್ಷದ ತಾರೀಖುಗಳನ್ನು ಚೀಟಿಯಲ್ಲಿ ಬರೆದು ಆಯಾ ಪುಟಕ್ಕೆ ಸಿಕ್ಕಿಸುತ್ತೇನೆ. ವರ್ಷ ಮುಗಿದರೆ ಚೀಟಿ ತೆಗೆದರಾಯಿತು.

ನಾಲ್ಕೇ ಸಾಲು ಆರಿಸುವುದು

ಪುಟ ತುಂಬಿದ ಮೇಲೆ ಕಷ್ಟ ಶುರು. ಎಲ್ಲ ಬರೆದರೆ ಯಾರೂ ಓದುವುದಿಲ್ಲ. ಓದುವವರು ಯಾರೆಂದು ನೋಡಿ ಆರಿಸಿ. ಏಪ್ರಿಲ್ 24ಕ್ಕೆ ನಮ್ಮಲ್ಲಿ ಮೂರು ಸಾಲು ತಪ್ಪುವುದಿಲ್ಲ: 1929ರಲ್ಲಿ ಡಾ. ರಾಜ್‌ಕುಮಾರ್ ಹುಟ್ಟಿದರು, 1973ರಲ್ಲಿ ಸಚಿನ್ ತೆಂಡೂಲ್ಕರ್ ಹುಟ್ಟಿದರು, 1993ರಲ್ಲಿ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಹಿರಿಯರು ಮೊದಲನೆಯದಕ್ಕೆ ನಿಲ್ಲುತ್ತಾರೆ, ಹುಡುಗರು ಎರಡನೆಯದಕ್ಕೆ. ನಿಂತವರು ಮೂರನೆಯದನ್ನೂ ಓದುತ್ತಾರೆ. ಪಕ್ಕದ ಬಾಗಿಲೇ ಪಂಚಾಯಿತಿ ಆಫೀಸು. ಅಲ್ಲಿ ಮಹಿಳಾ ಸದಸ್ಯರು ಕೂರುವುದಕ್ಕೂ ಆ ಸಾಲಿಗೂ ಇರುವ ನಂಟನ್ನು ಅವತ್ತು ಬಾಯಲ್ಲಿ ಹೇಳುತ್ತೇನೆ.

ನವೆಂಬರ್ 1ಕ್ಕೆ 1956ರ ಏಕೀಕರಣ, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು. ಹೆಸರು ಬಂದ ಆ ದಿನವೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು ಎಂದು ಸೇರಿಸಿದ ವರ್ಷ, ಹುಡುಗಿಯರು 1973 ಎಂಬುದನ್ನು ಮರೆಯಲೇ ಇಲ್ಲ.

ಆದರೆ ನಮ್ಮ ಸೀಮೆಯ ಸಾಲನ್ನು ಯಾವ ಹೆಸರಿಗಾಗಿಯೂ ಬಿಡಬೇಡಿ. ಇದನ್ನು ನನಗೆ ಕಲಿಸಿದ್ದು ಸೆಪ್ಟೆಂಬರ್ 17. ಹೊರಗಿನ ಪಟ್ಟಿಗಳಲ್ಲಿ ಆ ದಿನಕ್ಕೆ 1787ರ ಅಮೆರಿಕ ಸಂವಿಧಾನದ ಸಹಿ, 1879ರಲ್ಲಿ ಪೆರಿಯಾರ್ ಜನನ, 1915ರಲ್ಲಿ ಚಿತ್ರಕಾರ ಎಂ. ಎಫ್. ಹುಸೇನ್, 1950ರಲ್ಲಿ ನರೇಂದ್ರ ಮೋದಿ ಎಂದಿರುತ್ತದೆ. ಮೊದಲ ವರ್ಷ ಅಂಥದೇ ಪಟ್ಟಿ ನೋಡಿ ಬರೆದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜ ಮೊಮ್ಮಗನಿಂದ ಹಲಗೆ ಓದಿಸಿಕೊಂಡು, ‘ನಮ್ಮದು ಎಲ್ಲೈತವ್ವಾ ಇದ್ರಾಗ?’ ಎಂದರು.

ದೇಶಕ್ಕೆ ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15ರಂದು ರಾಯಚೂರು, ಕೊಪ್ಪಳ ಎರಡೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಕದನ ನಿಲ್ಲಿಸಿದ. ಆ ಆಗಸ್ಟ್ 15ರಿಂದ ಇಲ್ಲಿಗೆ 399 ದಿನ. ಬಳ್ಳಾರಿಯ ಕತೆ ಬೇರೆ. ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಗಸ್ಟ್ 15ಕ್ಕೇ ಸ್ವತಂತ್ರವಾಯಿತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1. ಆದ್ದರಿಂದ ಬಳ್ಳಾರಿಯವರು ನನ್ನ ಪುಸ್ತಕವನ್ನು ಕಣ್ಣು ಮುಚ್ಚಿ ನಕಲು ಮಾಡಿಕೊಳ್ಳಬಾರದು. ನಿಮ್ಮ ‘ನಮ್ಮ ಸೀಮೆ’ ಅಕ್ಟೋಬರ್ 1ರ ಪುಟದಲ್ಲಿದೆ.

ಬರೆಯುವ ಕೆಲಸಕ್ಕೆ ಹೆಚ್ಚು ಹೇಳುವುದಿಲ್ಲ. ಹಲಗೆ ನೆರಳಿನಲ್ಲಿರಲಿ. ಚಾಕನ್ನು ಐದು ನಿಮಿಷ ನೀರಿನಲ್ಲಿ ಅದ್ದಿ ಬರೆಯಿರಿ, ಒಣಗಿದ ಮೇಲೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ವರ್ಷ ಎಡಕ್ಕೆ, ಒಂದರ ಕೆಳಗೊಂದು. ಹುಟ್ಟು ಮತ್ತು ಸಾವಿಗೆ ಪದವನ್ನೇ ಬಳಸಿ, ಗುರುತು ಹಾಕಬೇಡಿ. ಬೇಂದ್ರೆಯವರ ವಿಷಯದಲ್ಲಿ ನಾನು ಎಡವಿದ್ದು ಒಂದು ಗುರುತನ್ನು ತಪ್ಪಾಗಿ ಓದಿ.

ಹಲಗೆಯ ಕೆಳತುದಿಯಲ್ಲಿ ಒಂದು ಗೇಣು ಜಾಗ ಬಿಡುತ್ತೇನೆ. ಅವತ್ತು ಹುಟ್ಟಿದ ನಮ್ಮೂರ ಮಕ್ಕಳ ಹೆಸರಿಗೆ. ಈಗಿನವರಿಗೆ ಜನನ ಪ್ರಮಾಣಪತ್ರ ಇರುತ್ತದೆ, ಅದನ್ನು ನೋಡಿಯೇ ಬರೆಯುವುದು. ಕಳೆದ ಮೇ 19ಕ್ಕೆ ಅಲ್ಲಿ ಎರಡು ಹೆಸರಿದ್ದವು. ಒಂದು ಮಗುವಿನ ಅವ್ವ ಸಂಜೆ ಬಂದು ಮಗಳನ್ನು ಹಲಗೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದುಕೊಂಡಳು. ಹಾಗಾಗಿ ಅವತ್ತು ನಾನು ಬೇಗ ಒರೆಸಲಿಲ್ಲ, ಮೇ 20ರ ಸಾಲುಗಳನ್ನು ಮರುದಿನ ಬೆಳಿಗ್ಗೆ ಬಂದು ಬರೆದೆ.