ಸದ್ದಿಲ್ಲದೆ ಸಂಕೇತ: ಮುಂಗೈಗೆ ಕಟ್ಟುವ ರೇಡಿಯೊ ಪಟ್ಟಿ ಮಾಡುವುದು ಹೇಗೆ?

ಗಸ್ತು ಹೊರಟ ಸೇನಾ ತುಕಡಿಯಲ್ಲಿ ಮುಂದಾಳು ಕೂಗಿ ಹೇಳುವುದಿಲ್ಲ. ನಿಲ್ಲಿ, ಮುಂದೆ ಸಾಗಿ, ಕುಳಿತುಕೊಳ್ಳಿ ಎಲ್ಲವೂ ಕೈಸನ್ನೆಯಲ್ಲೇ. ಎನ್‌ಸಿಸಿ ಶಿಬಿರದಲ್ಲಿ ಪಳಗಿದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುತ್ತದೆ. ಆದರೆ ಕತ್ತಲಾದರೆ, ನಡುವೆ ಪೊದೆ ಬಂದರೆ, ಹಿಂದಿನವರು ಬೇರೆ ಕಡೆ ನೋಡುತ್ತಿದ್ದರೆ ಸನ್ನೆ ವ್ಯರ್ಥ. ಗುಂಡಿ ಒತ್ತಿದೊಡನೆ ತಂಡದ ಎಲ್ಲರ ಮುಂಗೈಯಲ್ಲಿ ಕಂಪನವಾಗಿ ತಿಳಿಯುವ ಪಟ್ಟಿಯೊಂದನ್ನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ತಾವೇ ಮಾಡಬಹುದು. ರಕ್ಷಣಾ ಕಾರ್ಯಾಚರಣೆಯ ತಂಡಗಳಿಗೂ ಅರಣ್ಯ ಕಾವಲುಗಾರರಿಗೂ ಇದು ಒದಗುವಂಥದ್ದು.

ಒಂದು ಮಾತನ್ನು ಮೊದಲೇ ಹೇಳಬೇಕು. ಇಂಥ ಪ್ರಾಜೆಕ್ಟುಗಳಲ್ಲಿ ಇಡೀ ಶ್ರಮ ಸಂಕೇತ ಕಳಿಸುವುದಕ್ಕೇ ವ್ಯಯವಾಗುತ್ತದೆ. ಕಳಿಸುವುದು ಸುಲಭ. ಕಳಿಸಿದ್ದು ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂದು ಮುಂದಾಳುವಿಗೆ ತಿಳಿಯದಿದ್ದರೆ ಈ ಪಟ್ಟಿಯನ್ನು ನಂಬಿ ಯಾರೂ ಹೆಜ್ಜೆ ಇಡಲಾರರು.

ಮೊದಲು ಆವರ್ತನ ಆರಿಸಿ

ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳನ್ನು ಕಡಿಮೆ ಶಕ್ತಿಯ ಸಾಧನಗಳು ಪರವಾನಗಿ ಇಲ್ಲದೆ ಬಳಸಬಹುದು. ಪ್ರಸಾರ ಶಕ್ತಿ 1 ವ್ಯಾಟ್ ಮೀರಬಾರದು, ಸಂಕೇತ ಹೊತ್ತೊಯ್ಯುವ ವಾಹಕ ಅಲೆ ಆಕ್ರಮಿಸುವ ಅಗಲ 200 ಕಿಲೋಹರ್ಟ್ಸ್ ದಾಟಬಾರದು. ನಮಗೆ 25 ಮಿಲಿವ್ಯಾಟ್, ಅಂದರೆ ರೇಡಿಯೊ ಶಕ್ತಿಯ ಅಳತೆಯಾದ ಡಿಬಿಎಂ ಲೆಕ್ಕದಲ್ಲಿ 14, ಧಾರಾಳ ಸಾಕು. ಅಂಗಡಿಗಳಲ್ಲಿ 433 ಮೆಗಾಹರ್ಟ್ಸ್‌ನ ಮಾಡ್ಯೂಲ್‌ಗಳು ಅಗ್ಗಕ್ಕೆ ಸಿಗುತ್ತವೆಂದು ಮರುಳಾಗಬೇಡಿ. ಆ ಆವರ್ತನಕ್ಕೆ ಇಲ್ಲಿರುವ ವಿನಾಯಿತಿ ಒಳಾಂಗಣ ಬಳಕೆಗೆ, ಅದೂ 10 ಮಿಲಿವ್ಯಾಟ್ ಮಿತಿಯೊಳಗೆ. ಬಯಲಿನಲ್ಲಿ ಬಳಸುವ ಸಾಧನಕ್ಕೆ ಅದು ಹೊಂದುವುದಿಲ್ಲ.

ಬೇಕಾಗುವ ವಸ್ತುಗಳು

ಪ್ರತಿ ಪಟ್ಟಿಗೆ 3.3 ವೋಲ್ಟ್‌ನ ಆರ್ಡುಯಿನೊ ಪ್ರೊ ಮಿನಿ (ಪ್ರೋಗ್ರಾಮ್ ಓಡಿಸುವ ಪುಟ್ಟ ಬೋರ್ಡ್), 868 ಮೆಗಾಹರ್ಟ್ಸ್ ಮಾದರಿಯ ಆರ್‌ಎಫ್‌ಎಂ95ಡಬ್ಲ್ಯು ಲೋರಾ ಮಾಡ್ಯೂಲ್ (ಲೋರಾ ಎಂದರೆ ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವ ರೇಡಿಯೊ ವಿಧಾನ), ನಾಣ್ಯದಾಕಾರದ ಕಂಪನ ಮೋಟಾರ್, 500 ಮಿಲಿಆಂಪಿಯರ್-ಅವರ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ, ರಕ್ಷಣಾ ಸರ್ಕಿಟ್ ಇರುವ ಟಿಪಿ4056 ಚಾರ್ಜಿಂಗ್ ಬೋರ್ಡ್ ಮತ್ತು ಮೂರು ಗುಂಡಿಗಳು ಬೇಕು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯೇ ಇದೆ, ಉಳಿದವರು ಆನ್‌ಲೈನ್‌ನಲ್ಲಿ ತರಿಸಬಹುದು. 5 ವೋಲ್ಟ್‌ನ ಊನೊ ಅಥವಾ ನ್ಯಾನೊ ಬೋರ್ಡನ್ನು ಈ ಮಾಡ್ಯೂಲ್‌ಗೆ ನೇರವಾಗಿ ಜೋಡಿಸಲೇಬೇಡಿ, ಅದು 3.3 ವೋಲ್ಟ್‌ಗಷ್ಟೇ ತಾಳುತ್ತದೆ.

ಚಾರ್ಜಿಂಗ್ ಬೋರ್ಡಿನ ಮೇಲಿನ ಒಂದು ಪುಟ್ಟ ರೆಸಿಸ್ಟರ್ ಅನ್ನು ಬದಲಿಸಲೇಬೇಕು. ಸಾಮಾನ್ಯವಾಗಿ ಅಲ್ಲಿ 1.2 ಕಿಲೋಓಮ್ ಇರುತ್ತದೆ, ಅದು ಬ್ಯಾಟರಿಗೆ 1 ಆಂಪಿಯರ್ ತುಂಬುತ್ತದೆ. ನಮ್ಮ ಪುಟ್ಟ ಬ್ಯಾಟರಿಗೆ ಅದು ಅಪಾಯಕಾರಿ. ಅದನ್ನು ಬಿಚ್ಚಿ 5 ಕಿಲೋಓಮ್ ಬೆಸೆದರೆ ವಿದ್ಯುತ್ ಸುಮಾರು 250 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಮೈಗೆ ತಾಗಿಕೊಂಡಿರುವ ಸಾಧನ ಇದು, ಈ ಹೆಜ್ಜೆಯನ್ನು ನಾಳೆಗೆ ಮುಂದೂಡಬೇಡಿ.

ಜೋಡಣೆ

ರೇಡಿಯೊ ಮಾಡ್ಯೂಲಿನ ಪಿನ್‌ಗಳ ನಡುವಿನ ಅಂತರ 2 ಮಿಲಿಮೀಟರ್. ಬ್ರೆಡ್‌ಬೋರ್ಡಿನ ತೂತುಗಳದು 2.54. ಆದ್ದರಿಂದ ಅಡಾಪ್ಟರ್ ಬೋರ್ಡ್ ಕೊಳ್ಳಿ ಅಥವಾ ತೆಳುವಾದ ತಂತಿಗಳನ್ನು ಬೆಸೆಯಿರಿ. ಮಾಡ್ಯೂಲಿನ ವಿದ್ಯುತ್ ಪಿನ್‌ಗೆ ಒತ್ತಾಗಿ 10 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳಿರಲಿ.

ಮೋಟಾರನ್ನು ಆರ್ಡುಯಿನೊ ಪಿನ್‌ನಿಂದ ನೇರವಾಗಿ ಓಡಿಸುವಂತಿಲ್ಲ. ಬ್ಯಾಟರಿಯಿಂದ 10 ಓಮ್ ರೆಸಿಸ್ಟರ್ ಮೂಲಕ ಮೋಟಾರ್‌ಗೆ, ಅಲ್ಲಿಂದ 2ಎನ್2222 ಟ್ರಾನ್ಸಿಸ್ಟರ್‌ಗೆ ಸಂಪರ್ಕ ಕೊಡಿ. ಮೋಟಾರಿಗೆ ಅಡ್ಡಲಾಗಿ ಹಿಮ್ಮುಖವಾಗಿ ಒಂದು ಡಯೋಡ್ ಬೇಕೇ ಬೇಕು. ಆಂಟೆನಾಕ್ಕೆ 8.2 ಸೆಂಟಿಮೀಟರ್ ತಂತಿ ಸಾಕು: 866 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್, ಅದರ ಕಾಲುಭಾಗಕ್ಕಿಂತ ಇದು ತುಸು ಕಡಿಮೆ. ಆಂಟೆನಾ ಬೆಸೆಯದೆ ಪ್ರಸಾರ ಮಾಡಿದರೆ ಮಾಡ್ಯೂಲ್ ಕೆಡಬಹುದು.

ಕಂಪನದ ಭಾಷೆ

ಐದು ಸಂಕೇತಗಳಿಗೆ ನಿಲ್ಲಿಸಿ. ಒಂದು ಉದ್ದ ಕಂಪನ ‘ನಿಲ್ಲಿ’, ಎರಡು ಗಿಡ್ಡ ‘ಮುಂದೆ’, ಮೂರು ಗಿಡ್ಡ ‘ಹಿಂದೆ’, ಉದ್ದ-ಗಿಡ್ಡ ‘ಒಟ್ಟು ಸೇರಿ’, ಬಿಡದೆ ಎರಡು ಸೆಕೆಂಡ್ ಕಂಪಿಸಿದರೆ ‘ಅಪಾಯ’. ಗಿಡ್ಡದ್ದಕ್ಕೆ 150 ಮಿಲಿಸೆಕೆಂಡ್, ಉದ್ದದ್ದಕ್ಕೆ 600, ನಡುವೆ 200ರ ಬಿಡುವು ಇರಲಿ. ಮೋಟಾರ್ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕಾದ್ದರಿಂದ ಇದಕ್ಕಿಂತ ಗಿಡ್ಡ ಮಾಡಿದರೆ ನಡೆಯುವಾಗ ಗೊತ್ತೇ ಆಗುವುದಿಲ್ಲ. ಮೂರಕ್ಕಿಂತ ಹೆಚ್ಚು ಎಣಿಸುವ ಕೆಲಸವನ್ನೂ ಯಾರಿಗೂ ಕೊಡಬೇಡಿ.

ಮುಟ್ಟಿತೇ? ತಿಳಿಯಿತೇ?

ಸಂದೇಶ 10 ಬೈಟ್‌ನದು: ತಂಡದ ಸಂಖ್ಯೆ, ಕಳಿಸಿದವರ ಸಂಖ್ಯೆ, ಯಾರಿಗೆ, ಯಾವ ಸಂಕೇತ, ಎರಡು ಬೈಟ್‌ನ ಕ್ರಮಸಂಖ್ಯೆ, ಕೊನೆಗೆ ಸಂದೇಶ ನಮ್ಮ ತಂಡದ್ದೇ ಎಂದು ಖಾತ್ರಿಪಡಿಸುವ ನಾಲ್ಕು ಬೈಟ್‌ನ ಮುದ್ರೆ. ಲೋರಾದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂಕೇತವನ್ನು ಎಷ್ಟು ಹಿಗ್ಗಿಸಿ ಕಳಿಸಬೇಕೆಂಬ ಅಳತೆ, ಹೆಚ್ಚಿದಷ್ಟೂ ದೂರ ಮುಟ್ಟುತ್ತದೆ, ಆದರೆ ನಿಧಾನ) 7, ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್ ಇಟ್ಟರೆ ಇಷ್ಟು ಸಂದೇಶ ಗಾಳಿಯಲ್ಲಿ ಇರುವುದು 41 ಮಿಲಿಸೆಕೆಂಡ್. ಇದೇ ಸಂದೇಶ ಫ್ಯಾಕ್ಟರ್ 12ರಲ್ಲಿ ಹತ್ತಿರ ಹತ್ತಿರ ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ದೂರದ ಆಸೆಗೆ ಬಿದ್ದು 12ಕ್ಕೆ ಹೋದರೆ ‘ನಿಲ್ಲಿ’ ಎಂಬುದು ತಡವಾಗಿ ಬರುತ್ತದೆ.

ಮುಂದಾಳುವಿನ ಹಿಂದೆ ಐವರಿದ್ದಾರೆ ಎನ್ನೋಣ. ಸಂಕೇತ ಬಂದೊಡನೆ ಐದೂ ಪಟ್ಟಿಗಳು ಒಟ್ಟಿಗೆ ಉತ್ತರಿಸಿದರೆ ಉತ್ತರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಮುಂದಾಳುವಿಗೆ ಯಾವುದೂ ಕೇಳಿಸದೇ ಹೋಗಬಹುದು. ಹೀಗಾಗಿ ಸರದಿ ಹಾಕಬೇಕು. ಒಂದನೆಯ ಪಟ್ಟಿ ಕೂಡಲೇ, ಎರಡನೆಯದು 60 ಮಿಲಿಸೆಕೆಂಡ್ ಬಿಟ್ಟು, ಮೂರನೆಯದು 120 ಬಿಟ್ಟು ಉತ್ತರಿಸಲಿ. ಐವರ ಉತ್ತರವೂ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಪ್ರೋಗ್ರಾಮಿನಲ್ಲಿ ಉತ್ತರ ಮೊದಲು, ಕಂಪನ ಆಮೇಲೆ. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿಯುವುದರಿಂದ ಈ ಕ್ರಮ ಮುಖ್ಯ.

ಯಾರಾದರೂ ಉತ್ತರಿಸದಿದ್ದರೆ ಅದೇ ಕ್ರಮಸಂಖ್ಯೆಯಲ್ಲಿ ಇನ್ನೆರಡು ಸಲ ಕಳಿಸಿ. ಈಗಾಗಲೇ ಸಂಕೇತ ಪಡೆದ ಪಟ್ಟಿ ಸಂಖ್ಯೆ ನೋಡಿ ಉತ್ತರವನ್ನಷ್ಟೇ ಮತ್ತೆ ಕೊಡಬೇಕು, ಮತ್ತೆ ಕಂಪಿಸಬಾರದು. ಇಲ್ಲವಾದರೆ ಎರಡು ಗಿಡ್ಡ ನಾಲ್ಕಾಗಿ ‘ಮುಂದೆ’ ಎಂಬುದರ ಅರ್ಥವೇ ಕೆಡುತ್ತದೆ.

ಇಷ್ಟಾದರೂ ತಿಳಿದದ್ದು ಪಟ್ಟಿಗೆ ಮುಟ್ಟಿತೆಂದು ಮಾತ್ರ. ಪಟ್ಟಿ ಕಟ್ಟಿಕೊಂಡವರು ಬಿದ್ದಿರಬಹುದು, ಓಡುತ್ತಾ ಕಂಪನ ಗಮನಿಸದೆ ಇರಬಹುದು. ಸೇನೆಯ ರೇಡಿಯೊ ಮಾತುಕತೆಯಲ್ಲಿ ‘ರಾಜರ್’ ಎಂದರೆ ಸಂದೇಶ ಬಂದಿದೆ ಎಂದಷ್ಟೇ ಅರ್ಥ. ‘ವಿಲ್ಕೊ’ ಎಂದರೆ ಅರ್ಥವಾಗಿದೆ, ಪಾಲಿಸುತ್ತೇನೆ ಎಂದು. ನಮ್ಮ ಪಟ್ಟಿಯಲ್ಲೂ ಈ ಎರಡನ್ನು ಬೇರೆಯಾಗಿಯೇ ಇಡಿ. ಮೊದಲ ಉತ್ತರ ತಾನಾಗಿ ಹೋಗಲಿ, ಎರಡನೆಯದು ಸದಸ್ಯರು ಗುಂಡಿ ಒತ್ತಿದಾಗ ಮಾತ್ರ ಹೋಗಲಿ. ಎಲ್ಲರೂ ಒತ್ತಿದ ಮೇಲೆ ಮುಂದಾಳುವಿನ ಪಟ್ಟಿ ಒಮ್ಮೆ ಮೆಲ್ಲಗೆ ಕಂಪಿಸಲಿ. ಪರೀಕ್ಷಕರು ಬೇರೇನನ್ನು ಕೇಳದಿದ್ದರೂ ಈ ಭಾಗವನ್ನು ನೀವೇ ಮುಂದಾಗಿ ವಿವರಿಸಿ.

ನಕಲಿ ಸಂಕೇತಕ್ಕೆ ತಡೆ

ಇದೇ ಮಾಡ್ಯೂಲ್ ಕೊಂಡ ಯಾರು ಬೇಕಾದರೂ ನಿಮ್ಮ ಸಂಕೇತ ಕೇಳಬಹುದು, ಧ್ವನಿಮುದ್ರಣದಂತೆ ಹಿಡಿದಿಟ್ಟು ಮತ್ತೆ ಕಳಿಸಲೂಬಹುದು. ಲೋರಾದ ‘ಸಿಂಕ್ ವರ್ಡ್’ (ಪ್ರತಿ ಸಂದೇಶದ ಮೊದಲಿಗೆ ಬರುವ ಗುರುತಿನ ಸಂಖ್ಯೆ) ಬದಲಿಸಿದರೆ ಗುಟ್ಟು ಉಳಿಯುತ್ತದೆ ಎಂಬುದು ತಪ್ಪು ಕಲ್ಪನೆ. ತಂಡದ ಪಟ್ಟಿಗಳಲ್ಲಿ ಮಾತ್ರ ಇರುವ 16 ಬೈಟ್‌ನ ರಹಸ್ಯ ಕೀಲಿಯಿಂದ ಎಇಎಸ್-ಸಿಮ್ಯಾಕ್ ಎಂಬ ಗೂಢಲಿಪಿ ವಿಧಾನದಲ್ಲಿ ಮುದ್ರೆ ಲೆಕ್ಕ ಹಾಕಿ. ಮುದ್ರೆ ಹೊಂದದ ಸಂದೇಶವನ್ನೂ ಹಳೆಯ ಕ್ರಮಸಂಖ್ಯೆಯೊಂದಿಗೆ ಬಂದ ಸಂಕೇತವನ್ನೂ ಪಟ್ಟಿ ಪಾಲಿಸಬಾರದು. ಬ್ಯಾಟರಿ ತೆಗೆದರೂ ಸಂಖ್ಯೆ ಮರೆಯದಂತೆ ಆರ್ಡುಯಿನೊದ ಇಇಪ್ರಾಮ್ ಎಂಬ ಅಳಿಯದ ಸ್ಮೃತಿಯಲ್ಲಿ ಬರೆದಿಡಿ. ಎಣಿಕೆ 65,535 ತಲುಪಿದರೆ ಕೀಲಿ ಬದಲಿಸಿ.

ಬಯಲಿನಲ್ಲಿ ಪರೀಕ್ಷೆ

ಮೇಜಿನ ಮೇಲೆ ಸೊಗಸಾಗಿ ಕೆಲಸ ಮಾಡಿದ ಪಟ್ಟಿ ಕೈಗೆ ಕಟ್ಟಿದೊಡನೆ ಸೊರಗುತ್ತದೆ, ಏಕೆಂದರೆ ನೀರೇ ಹೆಚ್ಚಿರುವ ನಮ್ಮ ದೇಹ ಅಲೆಗಳನ್ನು ಹೀರಿಕೊಳ್ಳುತ್ತದೆ. ಆಂಟೆನಾ ಮತ್ತು ಚರ್ಮದ ನಡುವೆ ಒಂದು ಸೆಂಟಿಮೀಟರ್ ದಪ್ಪದ ಫೋಮ್ ಇಟ್ಟು ನೋಡಿ. ಪರೀಕ್ಷೆಯನ್ನು ಕಟ್ಟಿಕೊಂಡೇ ಮಾಡಿ: ನಿಂತು, ಕುಳಿತು, ಮುಖ್ಯವಾಗಿ ಬೋರಲು ಮಲಗಿ. ಆಂಟೆನಾ ನೆಲಕ್ಕೆ ಹತ್ತಿರವಾದಷ್ಟೂ ದೂರ ಕುಗ್ಗುತ್ತದೆ. ಮಲೆನಾಡಿನವರು ಅಡಿಕೆ ತೋಟದಲ್ಲಿ ಮಳೆ ನಿಂತ ಮೇಲೊಮ್ಮೆ, ಎಲೆ ಒಣಗಿದ ಮೇಲೊಮ್ಮೆ ಅಳೆಯಿರಿ.

ಪ್ರತಿ 20 ಮೀಟರ್‌ಗೆ 50 ಸಂಕೇತ ಕಳಿಸಿ, ಎಷ್ಟಕ್ಕೆ ‘ಮುಟ್ಟಿತು’ ಬಂತು ಎಂಬುದನ್ನೂ ಆಗಿನ ಆರ್‌ಎಸ್‌ಎಸ್‌ಐ (ಬಂದ ಸಂಕೇತದ ಬಲ) ಮೌಲ್ಯವನ್ನೂ ಬರೆದುಕೊಳ್ಳಿ. ಫ್ಯಾಕ್ಟರ್ 7ರಲ್ಲಿ ಈ ಚಿಪ್‌ನ ಗ್ರಹಣ ಮಿತಿ ಸುಮಾರು −123 ಡಿಬಿಎಂ. −110ಕ್ಕಿಂತ ಕೆಳಗಿಳಿದರೆ ಅಂಚಿಗೆ ಬಂದಿದ್ದೀರಿ ಎಂದು ತಿಳಿಯಿರಿ. ದೂರ ಸಾಲದಿದ್ದರೆ ಫ್ಯಾಕ್ಟರ್ 9 ಪ್ರಯತ್ನಿಸಬಹುದು. ಆಗ ಸಂದೇಶಕ್ಕೆ 144 ಮಿಲಿಸೆಕೆಂಡ್ ಬೇಕಾಗುವುದರಿಂದ ಸರದಿಯ ಅಂತರವನ್ನೂ 170ಕ್ಕೆ ಏರಿಸಿ. ಐವರ ಉತ್ತರ ಮುಗಿಯಲು ಒಂದು ಸೆಕೆಂಡ್ ಹಿಡಿಯುತ್ತದೆ. ಸೇನಾ ನೆಲೆ, ವಿಮಾನ ನಿಲ್ದಾಣಗಳ ಆಸುಪಾಸು ಬೇಡ. ಕಾಲೇಜು ಮೈದಾನ, ಪರಿಚಯದವರ ತೋಟ ಸಾಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುತ್ತದೆ. ಅರ್ಜಿ ಹಾಕುವುದಾದರೆ ಎರಡು ಪಟ್ಟಿಗಳ ನಡುವಿನ ಈ ಅಳತೆಯ ಕೋಷ್ಟಕವನ್ನು ಮೊದಲೇ ಸಿದ್ಧಪಡಿಸಿಕೊಂಡು, ಉಳಿದ ಪಟ್ಟಿಗಳ ವೆಚ್ಚವನ್ನು ಅದರೊಂದಿಗೆ ಕೇಳಿ.