ಗೋಡೆಯ ಮಾಡೆಲ್ ಲ್ಯಾಬ್ ಅಳತೆಗೆ ಹೊಂದಿದ್ದು ಹೀಗೆ

ಎರಡೂ ಕಡೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್, ಮಧ್ಯೆ 75 ಮಿ.ಮೀ. ಸ್ಟೀಲ್ ಸ್ಟಡ್ (ಬೋರ್ಡ್‌ಗಳನ್ನು ಹಿಡಿದು ನಿಲ್ಲಿಸುವ ತಗಡಿನ ಕಂಬ), ನಡುವಿನ ಜಾಗದ ತುಂಬ ಗ್ಲಾಸ್ ವೂಲ್. ಇಂಥ ಗೋಡೆ ಎಷ್ಟು ಸದ್ದು ತಡೆಯುತ್ತದೆ ಎಂದು ಟ್ರಾನ್ಸ್‌ಫರ್ ಮ್ಯಾಟ್ರಿಕ್ಸ್ ವಿಧಾನದಲ್ಲಿ, ಅಂದರೆ ಸದ್ದು ಒಂದೊಂದೇ ಪದರ ದಾಟುವುದನ್ನು ಜೋಡಿಸುತ್ತಾ ಹೋಗಿ, ಲೆಕ್ಕ ಹಾಕಿದ್ದೆ. 250 ಹರ್ಟ್ಸ್‌ನಿಂದ ಮೇಲೆ ಮಾಡೆಲ್ ಲ್ಯಾಬ್ ಅಳತೆಗಿಂತ ತೀರಾ ಜಾಸ್ತಿ ಡೆಸಿಬಲ್ ತೋರಿಸುತ್ತಿತ್ತು.

ಗ್ರಾಫ್‌ನ ಗೆರೆಯಲ್ಲಿ 80 ಹರ್ಟ್ಸ್ ಹತ್ತಿರದ ತಗ್ಗು ಮಾತ್ರ ಸರಿಯಾಗಿ ಕೂತಿತ್ತು. ನಡುವಿನ ಗಾಳಿಯೇ ಸ್ಪ್ರಿಂಗ್ ಆಗಿ ಎರಡೂ ಬೋರ್ಡ್ ಅದುರುವ ಜಾಗ ಅದು. ಅಂದರೆ ತೂಕ, ಅಂತರ ಎರಡೂ ಸರಿ. ಬೋರ್ಡ್‌ನ ಡ್ಯಾಂಪಿಂಗ್ (ಅದುರುವಿಕೆ ತಾನೇ ತಗ್ಗುವ ಗುಣ) ಬದಲಿಸಿದೆ. 2500 ಹರ್ಟ್ಸ್ ಸುತ್ತಮುತ್ತ, ಅದರ ಮೇಲೆ ಅಷ್ಟೇ ಗೆರೆ ಕದಲಿತು; 250ರಿಂದ ಶುರುವಾಗುವ ತಪ್ಪಿಗೆ ಅದು ಕಾರಣವಲ್ಲ.

ಉಳಿದಿದ್ದು ಸ್ಟಡ್. ಸದ್ದು ಗಾಳಿಯಲ್ಲಷ್ಟೇ ಅಲ್ಲ, ಸ್ಟಡ್ ಹಿಡಿದೂ ದಾಟುತ್ತದೆ ಅಲ್ವಾ? ಎರಡೂ ದಾರಿಯಲ್ಲಿ ದಾಟುವ ಶಕ್ತಿಯನ್ನು ಕೂಡಿಸಬೇಕು, ಡೆಸಿಬಲ್‌ಗಳನ್ನಲ್ಲ. ಗಾಳಿಯ ದಾರಿ 65 ಡೆಸಿಬಲ್ ತಡೆದು, ಸ್ಟಡ್ ದಾರಿ 50 ತಡೆದರೆ ಗೋಡೆಗೆ ಸಿಗುವುದು ಸುಮಾರು 50 ಅಷ್ಟೇ. ಇನ್ನೂ ಒಳ್ಳೆಯ ವೂಲ್ ಹಾಕಿದರೂ ಸುಮ್ನೆ ದಂಡ.

ಸ್ಟಡ್ ಬಾಗುವುದೇ ಇಲ್ಲ ಎಂದಿಟ್ಟುಕೊಂಡು ಓಡಿಸಿದಾಗ ಗೆರೆ ಅಳತೆಗಿಂತ ಕೆಳಗೆ ಬಿತ್ತು. ಮರದ ಸ್ಟಡ್‌ಗೆ ಆ ಲೆಕ್ಕ ಪರವಾಗಿಲ್ಲ. ತೆಳು ತಗಡಿನದು ಬಾಗುತ್ತದೆ. ಅದನ್ನು ಸ್ಪ್ರಿಂಗ್ ಎಂದು ಬರೆದು, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 10 ಲಕ್ಷ ನ್ಯೂಟನ್/ಮೀಟರ್ ಬಿಗಿತ ಕೊಟ್ಟೆ. ಗೆರೆ ಅಳತೆಯ ಪಕ್ಕಕ್ಕೆ ಬಂತು. ಬಿಗಿತ ಫ್ರೀಕ್ವೆನ್ಸಿ ಜೊತೆ ಬದಲಾಗುವುದರಿಂದ ಈಗ ಪ್ರತಿ ಬ್ಯಾಂಡ್‌ಗೂ (ಫ್ರೀಕ್ವೆನ್ಸಿಯ ಒಂದೊಂದು ತುಂಡಿಗೂ) ಬೇರೆ ಬೆಲೆ ಕೊಡುತ್ತಿದ್ದೇನೆ.